ಬೆಳಗಿನ ಮೇಕಪ್ ಸಂಜೆಗೂ ಇರಲಿ

ಅಜ್ಜಿಯರ ಕುಂಕುಮದ ಭರಣಿಯ ಪಕ್ಕದಲ್ಲಿ ಮೇಣದ ಪುಟ್ಟ ಡಬ್ಬಿ ಇರುತ್ತಿತ್ತು. ಬೆರಳ ತುದಿಯಲ್ಲಿ ಚೂರು ಮೇಣ ತೆಗೆದು ಹಣೆಗೆ ಗುಂಡಗೆ ಸವರಿ, ಅದರ ಮೇಲೆ ಒಣ ಕುಂಕುಮ ಒತ್ತುತ್ತಿದ್ದರು. ಹೊಲದಲ್ಲಿ ಕಳೆ ಕಿತ್ತು, ಒಲೆ ಮುಂದೆ ಬೆವೆತು, ಸಂಜೆ ದೀಪ ಹಚ್ಚುವ ಹೊತ್ತಾದರೂ ಬೊಟ್ಟು ಕದಲುತ್ತಿರಲಿಲ್ಲ. ಇವತ್ತು ಪಾರ್ಲರ್‌ಗಳಲ್ಲಿ ಪ್ರೈಮರ್, ಸೆಟ್ಟಿಂಗ್ ಪೌಡರ್ ಎಂದು ಹೇಳಿಕೊಡುವ ಪಾಠದ ತಿರುಳೂ ಇಷ್ಟೇ: ಕೆಳಗೆ ಹಿಡಿದುಕೊಳ್ಳುವ ತೆಳು ಪದರ, ಮೇಲೆ ಅಳತೆಯ ಬಣ್ಣ, ಉಜ್ಜದೆ ಒತ್ತುವ ಕೈ.

ನಮ್ಮ ಬೇಗೂರು ಇರುವುದು ನಂಜನಗೂಡಿಗೂ ಗುಂಡ್ಲುಪೇಟೆಗೂ ನಡುವೆ, ರಾಷ್ಟ್ರೀಯ ಹೆದ್ದಾರಿ 766ರ ಮೇಲೆ. ಇಲ್ಲಿನ ಹೆಣ್ಣುಮಕ್ಕಳಿಗೆ ಈ ಪಾಠ ಬೇಕಾಗುವುದು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ. ಮೊದಲನೆಯದು ದಿನದ ಓಡಾಟ: ನಂಜನಗೂಡಿನ ಕಾರ್ಖಾನೆಗೋ ಮೈಸೂರಿನ ಕಾಲೇಜು, ಕಚೇರಿಗೋ ಬಸ್ಸು ಹಿಡಿಯುವವರು. ಎರಡನೆಯದು ಮದುವೆ. ಮೂರನೆಯದು ಈಚಿನದು, ಸೂರ್ಯಕಾಂತಿ ಹೊಲದ ಫೋಟೊ. ಮೂರರಲ್ಲೂ ಮೇಕಪ್ ಕೆಡುವ ಕಾರಣ ಬೇರೆ ಬೇರೆ, ಹಾಗಾಗಿ ಉಪಾಯವೂ ಬೇರೆ.

ಯಾಕೆ ಇಳಿದುಹೋಗುತ್ತದೆ?

ಮೊದಲ ಶತ್ರು ಜಿಡ್ಡು. ಹಣೆ, ಮೂಗು, ಗಲ್ಲದಲ್ಲಿ ಎಣ್ಣೆ ಗ್ರಂಥಿಗಳು ಹೆಚ್ಚು. ಅಲ್ಲಿಂದ ಒಸರುವ ಜಿಡ್ಡು ಫೌಂಡೇಶನ್ನಿನ ಎಣ್ಣೆಯೊಡನೆ ಬೆರೆತು ಬಣ್ಣವನ್ನು ಸಡಿಲಗೊಳಿಸುತ್ತದೆ. ಅದಕ್ಕೇ ಕೆನ್ನೆಯ ಮೇಕಪ್ ಇದ್ದಂತೆಯೇ ಇದ್ದು ಮೂಗಿನದು ಮಾತ್ರ ಮೊದಲು ಮಾಯವಾಗುತ್ತದೆ.

ಎರಡನೆಯದು ಬೆವರು. ಅದು ಪದರದ ಕೆಳಗಿನಿಂದ ಬರುವುದರಿಂದ ಬಣ್ಣವನ್ನು ಮೇಲಕ್ಕೆತ್ತಿ ಗೆರೆಗೆರೆಯಾಗಿಸುತ್ತದೆ. ಮೂರನೆಯದು ಉಜ್ಜಾಟ: ಕರವಸ್ತ್ರ, ಸೆರಗು, ಮಾಸ್ಕ್, ಹೆಲ್ಮೆಟ್ಟಿನ ಪಟ್ಟಿ, ಕಿವಿಗೆ ಹಿಡಿದ ಫೋನು.

ನಾಲ್ಕನೆಯದನ್ನು ನಾವೇ ತಂದುಕೊಳ್ಳುತ್ತೇವೆ. ಅದು ದಪ್ಪ ಪದರ. ಹೆಚ್ಚು ಬಳಿದರೆ ಹೆಚ್ಚು ಹೊತ್ತು ಇರುತ್ತದೆ ಎಂಬುದು ತಪ್ಪು ಲೆಕ್ಕ. ನಕ್ಕಾಗ, ಮಾತಾಡಿದಾಗ ಚರ್ಮ ಮಡಚಿಕೊಳ್ಳುತ್ತದೆ. ತೆಳು ಪದರ ಅದರ ಜೊತೆಗೇ ಮಡಿಸಿಕೊಳ್ಳುತ್ತದೆ, ದಪ್ಪ ಪದರ ಬಿರಿಯುತ್ತದೆ. "ಮೊಕಕ್ಕೆ ಅದೇನವ್ವ ಸುಣ್ಣ ಬಳ್ಕಂಡಿದ್ದೀಯ" ಎಂದು ಮನೆಯ ಹಿರಿಯರು ಕೇಳಿದರೆ ಸಿಟ್ಟಾಗಬೇಡಿ. ಮೇಕಪ್ ಮಧ್ಯಾಹ್ನಕ್ಕೇ ಕೈಕೊಡುತ್ತದೆ ಎಂಬುದರ ಸೂಚನೆಯೂ ಅದೇ.

ಋತುವನ್ನೂ ನೋಡಬೇಕು. ಪಶ್ಚಿಮ ಘಟ್ಟ ಮತ್ತು ನೀಲಗಿರಿಯ ಮಳೆ ನೆರಳಿನಲ್ಲಿರುವ ಸೀಮೆ ಇದು. ಮಾರ್ಚಿನಿಂದ ಮೇ ತನಕ ಬಿಸಿಲು ಸುಡುತ್ತದೆ, ಡಿಸೆಂಬರ್-ಜನವರಿಯಲ್ಲಿ ಒಣ ಚಳಿ. ಬೇಸಿಗೆಯಲ್ಲಿ ಮೇಕಪ್ ಕರಗಿದರೆ ಚಳಿಗಾಲದಲ್ಲಿ ಹೊಟ್ಟಾಗಿ ಏಳುತ್ತದೆ. ಬೇಸಿಗೆಗೆ ಜೆಲ್ ತರಹದ ಹಗುರ ಮಾಯಿಶ್ಚರೈಸರ್ ಸಾಕು, ಚಳಿಗಾಲಕ್ಕೆ ಕ್ರೀಮ್ ಬೇಕು. ವರ್ಷವಿಡೀ ಒಂದೇ ಡಬ್ಬಿಗೆ ಜೋತುಬಿದ್ದರೆ ಒಂದಲ್ಲ ಒಂದು ಕಾಲದಲ್ಲಿ ತೊಂದರೆ ತಪ್ಪಿದ್ದಲ್ಲ.

ಹಚ್ಚುವ ಮೊದಲು

ತಣ್ಣೀರಿನಲ್ಲಿ ಮುಖ ತೊಳೆದು, ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ. ಬೇಸಿಗೆಯಲ್ಲಿ ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಒಂದೆರಡು ನಿಮಿಷ ಮುಖದ ಮೇಲೆ ಆಡಿಸಬಹುದು. ಮುಖ ತಂಪಾಗಿ ಬೆವರು ಸ್ವಲ್ಪ ಹೊತ್ತು ಹಿಡಿತಕ್ಕೆ ಬರುತ್ತದೆ, ಊತವೂ ಇಳಿಯುತ್ತದೆ. ಐಸ್ ಹಚ್ಚಿದರೆ ಚರ್ಮದ ರಂಧ್ರ ಮುಚ್ಚಿಹೋಗುತ್ತದೆ ಎಂಬ ಮಾತು ಮಾತ್ರ ನಿಜವಲ್ಲ. ಬರಿ ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಿ ಹಿಡಿಯುವುದೂ ಬೇಡ.

ಜಿಡ್ಡು ಮುಖದವರು ಮಾಯಿಶ್ಚರೈಸರ್ ಬೇಡವೆಂದು ಬಿಟ್ಟುಬಿಡುತ್ತಾರೆ. ಒಣಗಿದ ಜಾಗ ಫೌಂಡೇಶನ್ನಿನ ನೀರನ್ನು ಹೀರಿಕೊಂಡು ಅಲ್ಲಲ್ಲಿ ಪಟ್ಟೆ ಮೂಡಿಸುತ್ತದೆ. ಎಣ್ಣೆಯಿಲ್ಲದ ಹಗುರ ಜೆಲ್ ಆದರೂ ಬೇಕು.

ನಂತರ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಹೆಚ್ಚಿನದಿರಲಿ. ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳಿನುದ್ದ ಹಿಂಡಿಕೊಳ್ಳುವುದು ವಾಡಿಕೆಯ ಅಳತೆ. ಬಿಸಿಲಿಗಿಳಿಯುವ 15 ನಿಮಿಷ ಮೊದಲು ಹಚ್ಚಬೇಕು. ಫೌಂಡೇಶನ್ ಡಬ್ಬಿಯ ಮೇಲೆ ಎಸ್‌ಪಿಎಫ್ ಎಂದು ಬರೆದಿದೆಯೆಂದು ಸನ್‌ಸ್ಕ್ರೀನ್ ಬಿಡಬೇಡಿ. ಅಷ್ಟು ರಕ್ಷಣೆ ಸಿಗುವಷ್ಟು ಫೌಂಡೇಶನ್ನನ್ನು ಯಾರೂ ಹಚ್ಚಿಕೊಳ್ಳುವುದಿಲ್ಲ.

ಇನ್ನು ಕಾಯುವುದು. ಮಾಯಿಶ್ಚರೈಸರ್ ಆದ ಮೇಲೆ ಐದು ನಿಮಿಷ, ಸನ್‌ಸ್ಕ್ರೀನ್ ಆದ ಮೇಲೆ ಇನ್ನೊಂದು ಐದು ನಿಮಿಷ. ಹಸಿ ಪದರದ ಮೇಲೆ ಇನ್ನೊಂದನ್ನು ಎಳೆದರೆ ಎರಡೂ ಕಲೆಸಿ ಜಾರುತ್ತವೆ. ಆ ಹೊತ್ತಿನಲ್ಲಿ ಜಡೆ ಹಾಕಿ, ಸೀರೆ ಉಡಿ, ಬುತ್ತಿ ಕಟ್ಟಿ. ಕೊನೆಗೆ ಟಿಶ್ಯೂ ಒಂದನ್ನು ಮುಖಕ್ಕೆ ಒತ್ತಿ ಮಿಕ್ಕ ಜಿಡ್ಡನ್ನು ತೆಗೆಯಿರಿ.

ಪ್ರೈಮರ್, ಫೌಂಡೇಶನ್, ಪೌಡರ್

ಪ್ರೈಮರ್ ಮುಖಕ್ಕೆಲ್ಲ ಬೇಕಿಲ್ಲ. ಮೂಗು, ಮೂಗಿನ ಪಕ್ಕ, ಹಣೆಯ ನಡು, ಗಲ್ಲಕ್ಕೆ ಕಡಲೆಕಾಳಿನಷ್ಟು ಸಾಕು. ಹೆಚ್ಚಿನ ಪ್ರೈಮರ್‌ಗಳು ಸಿಲಿಕೋನ್ ಆಧಾರದವು. ಡಬ್ಬಿಯ ಹಿಂದೆ ಡೈಮೆಥಿಕೋನ್, ಸೈಕ್ಲೋಪೆಂಟಾಸಿಲಾಕ್ಸೇನ್ ಮುಂತಾದ ಹೆಸರುಗಳು ಪಟ್ಟಿಯ ಮೊದಲಲ್ಲೇ ಇದ್ದರೆ ಅದು ಸಿಲಿಕೋನಿನದು. ಅದರ ಮೇಲೆ ನೀರಿನ ಆಧಾರದ ಫೌಂಡೇಶನ್ ಹಚ್ಚಿದರೆ ಕೆಲವೊಮ್ಮೆ ಎರಡೂ ಹೊಂದದೆ ರಬ್ಬರಿನ ಚೂರಿನಂತೆ ಉರುಳುರುಳಾಗಿ ಏಳುತ್ತವೆ. ಸಿಲಿಕೋನಿಗೆ ಸಿಲಿಕೋನ್, ನೀರಿಗೆ ನೀರು ಎಂಬ ಜೋಡಿ ಸುರಕ್ಷಿತ. ಕೊಳ್ಳುವ ಮೊದಲು ಎರಡನ್ನೂ ಮುಂಗೈಯ ಮೇಲೆ ಒಂದರ ಮೇಲೊಂದು ಹಚ್ಚಿ ನೋಡಿದರೆ ಗೊತ್ತಾಗುತ್ತದೆ.

ಫೌಂಡೇಶನ್ನನ್ನು ಹೆಬ್ಬೆರಳಿನ ಉಗುರಿನಷ್ಟು ತೆಗೆದುಕೊಂಡು ಮುಖದ ನಡುವಿನಿಂದ ಹೊರಕ್ಕೆ ಹರಡಿ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ತಟ್ಟಿ ತಟ್ಟಿ ಕೂರಿಸಬೇಕು. ಕಲೆ ಇರುವ ಕಡೆ ಮಾತ್ರ ಎರಡನೆಯ ಪದರ ಹಾಕಿ. ದೀರ್ಘಕಾಲ ಉಳಿಯುವಂತೆ ಮಾಡಿದ ಫೌಂಡೇಶನ್‌ಗಳಲ್ಲಿ ಬೇಗ ಆರಿಹೋಗುವ ದ್ರವ ಇರುತ್ತದೆ. ಅದು ಆವಿಯಾದ ಮೇಲೆ ಬಣ್ಣದ ತೆಳು ಪೊರೆ ಉಳಿಯುತ್ತದೆ. ಪೊರೆ ಕೂರುವ ಮುಂಚೆ ಮತ್ತೆ ಮತ್ತೆ ತಿದ್ದಿದರೆ ಅದು ಹರಿಯುತ್ತದೆ.

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಈಗಲೂ ರಾತ್ರಿಯಿಡೀ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ದೀಪದ ಝಳದಲ್ಲಿ ಗಂಟೆಗಟ್ಟಲೆ ಹಾಡಿ ಕುಣಿಯುವವರ ಬಣ್ಣ ಬೆಳಗಿನ ತನಕ ನಿಲ್ಲಬೇಕಾದರೆ ಜಿಡ್ಡಿನ ಬಣ್ಣದ ಮೇಲೆ ಪೌಡರ್ ಒತ್ತಲೇಬೇಕು. ಮನೆಯಲ್ಲೂ ಅದೇ ನಿಯಮ. ಪಫ್ಫಿಗೆ ಪೌಡರ್ ತಾಗಿಸಿ, ಹೆಚ್ಚಿನದನ್ನು ಕೊಡವಿ, ಎಲ್ಲಿ ಜಿಡ್ಡೇಳುತ್ತದೋ ಅಲ್ಲಷ್ಟೇ ಅದುಮಿ. ಕಣ್ಣಿನ ಕೆಳಗೆ ಒಂದು ಚಿಟಿಕೆ ಸಾಕು, ಹೆಚ್ಚಾದರೆ ಸುಕ್ಕಿನಲ್ಲಿ ಕೂತು ವಯಸ್ಸು ಹೆಚ್ಚಿಸುತ್ತದೆ. ಒಣ ಚರ್ಮದ ಕೆನ್ನೆಗೆ ಪೌಡರ್ ಬೇಡವೇ ಬೇಡ.

ಕೊನೆಯದು ಸೆಟ್ಟಿಂಗ್ ಸ್ಪ್ರೇ. ಇದರಲ್ಲಿ ಆರಿದ ಮೇಲೆ ಪೊರೆ ಕಟ್ಟುವ ವಸ್ತು ಇರುತ್ತದೆ. ಮೊಳದಷ್ಟು ದೂರದಿಂದ ಕಣ್ಣು ಮುಚ್ಚಿ ಸಿಂಪಡಿಸಿ, ಮುಟ್ಟದೆ ಒಣಗಲು ಬಿಡಿ. ಇದರ ಬದಲಿಗೆ ಪನ್ನೀರು ಚಿಮುಕಿಸಿದರೆ ಸಾಕೆಂದು ಹಲವರು ನಂಬುತ್ತಾರೆ. ಪನ್ನೀರು ಪೌಡರಿನ ಬಿಳುಪನ್ನು ತಗ್ಗಿಸಿ ಮುಖಕ್ಕೆ ತಂಪು ಕೊಡುತ್ತದೆ, ಬಣ್ಣವನ್ನು ಹಿಡಿದಿಡುವ ಗುಣ ಅದಕ್ಕಿಲ್ಲ. ಹೇರ್ ಸ್ಪ್ರೇಯನ್ನಂತೂ ಮುಖಕ್ಕೆ ಹೊಡೆಯಲೇಬೇಡಿ, ಕಣ್ಣೂ ಚರ್ಮವೂ ಉರಿಯುತ್ತವೆ.

ಕಣ್ಣು, ತುಟಿ, ಹಣೆ

ಮನೆಯಲ್ಲಿ ಹರಳೆಣ್ಣೆ ದೀಪದ ಮಸಿ ಹಿಡಿದು ಮಾಡಿದ ಕಾಡಿಗೆ ಎಣ್ಣೆ ಅಥವಾ ತುಪ್ಪದಲ್ಲಿ ಕಲೆಸಿದ್ದು. ಮೈಶಾಖಕ್ಕೇ ಕರಗಿ ಕಣ್ಣಿನ ಕೆಳಗೆ ಇಳಿಯುವುದು ಅದರ ಸಹಜ ಗುಣ. ದಿನವಿಡೀ ನಿಲ್ಲಬೇಕಾದರೆ ನೀರಿಗೆ ಅಳಿಯದ ಜೆಲ್ ಪೆನ್ಸಿಲ್ ಬೇಕು. ಮೊದಲು ಕೆಳರೆಪ್ಪೆಯ ಅಡಿಗೆ ಸಣ್ಣ ಬ್ರಷ್ಷಿನಿಂದ ಪೌಡರ್ ಒತ್ತಿ. ಗೆರೆ ಎಳೆದ ಮೇಲೆ ಅದೇ ಬಣ್ಣದ ಒಣ ಐಶ್ಯಾಡೋವನ್ನು ಗೆರೆಯ ಮೇಲೆ ತಟ್ಟಿದರೆ ಇನ್ನೂ ಗಟ್ಟಿ. ಹೆಸರು, ವಿಳಾಸ ಇಲ್ಲದ ಸುರ್ಮಾ, ಕಾಡಿಗೆ ಬೇಡ. ಇಂಥವುಗಳಲ್ಲಿ ಸೀಸ ಸೇರಿರಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯೂ ಎಚ್ಚರಿಸಿದೆ. ಮಕ್ಕಳ ಕಣ್ಣಿಗಂತೂ ಹಚ್ಚಲೇಬಾರದು.

ಲಿಪ್‌ಸ್ಟಿಕ್ಕಿಗೆ ಕ್ರಮವಿದೆ. ತುಟಿಗೆ ಬಾಮ್ ಸವರಿ ಹತ್ತು ನಿಮಿಷ ಬಿಟ್ಟು ಒರೆಸಿ. ಲೈನರ್‌ನಿಂದ ಅಂಚನ್ನು ಮಾತ್ರವಲ್ಲದೆ ಒಳಗೂ ತುಂಬಿ. ಒಂದು ಪದರ ಬಣ್ಣ ಹಚ್ಚಿ, ಟಿಶ್ಯೂ ಕಚ್ಚಿ, ತೆಳು ಟಿಶ್ಯೂ ಇಟ್ಟು ಅದರ ಮೇಲಿಂದ ಪೌಡರ್ ತಟ್ಟಿ, ಇನ್ನೊಂದು ಪದರ ಹಚ್ಚಿ. ಅಂಟದ, ಅಳಿಯದ ದ್ರವ ಲಿಪ್‌ಸ್ಟಿಕ್ ಕಾಫಿ ಲೋಟಕ್ಕೆ ಸೋಲುವುದಿಲ್ಲ, ಎಣ್ಣೆಗೆ ಸೋಲುತ್ತದೆ. ತುಪ್ಪ ಸುರಿದ ಒಬ್ಬಟ್ಟು, ಬೋಂಡ, ಹಪ್ಪಳ ತಿಂದ ಮೇಲೆ ತುಟಿಯ ನಡುವಿನ ಬಣ್ಣ ಹೋಗಿರುತ್ತದೆ. ಹಾಗಾದಾಗ ಉಳಿದದ್ದನ್ನು ಪೂರ್ತಿ ಒರೆಸಿ ಹೊಸದಾಗಿ ಹಚ್ಚಿ, ಹಳೆಯದರ ಮೇಲೆ ಹಚ್ಚಿದರೆ ಹೊಟ್ಟು ಕಟ್ಟುತ್ತದೆ.

ಹಣೆಗೆ ಫೌಂಡೇಶನ್ ಹಚ್ಚಿದ ದಿನ ಒಣ ಕುಂಕುಮ ನೇರವಾಗಿ ಇಟ್ಟರೆ ಉದುರಿ ಮೂಗಿನ ಮೇಲೆ ಬೀಳುತ್ತದೆ. ಬೊಟ್ಟಿಡುವಷ್ಟು ಜಾಗದ ಮೇಕಪ್ಪನ್ನು ಇಯರ್ ಬಡ್‌ನಿಂದ ಒರೆಸಿ, ಚೂರು ಮೇಣವನ್ನೋ ವ್ಯಾಸ್ಲಿನ್ನನ್ನೋ ಸವರಿ, ಅದರ ಮೇಲೆ ಕುಂಕುಮ ಒತ್ತಿ. ಮೇಣಕ್ಕೆ ಹಿಡಿತ ಹೆಚ್ಚು. ಅಂಟುವ ಬಿಂದಿಯವರು ಒಂದು ಎಚ್ಚರಿಕೆ ನೆನಪಿಡಿ. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯ ಮೇಲೆ ಬಿಳಿ ಮಚ್ಚೆ ಮೂಡುವುದನ್ನು ಚರ್ಮರೋಗ ತಜ್ಞರು ದಾಖಲಿಸಿದ್ದಾರೆ. ಕೆರೆತ, ಕೆಂಪು ಕಂಡ ದಿನವೇ ನಿಲ್ಲಿಸಿ. ರಾತ್ರಿ ಮಲಗುವಾಗ ಬಿಂದಿ ತೆಗೆದಿಡಿ.

ಮದುವೆ ಮನೆಯ ಲೆಕ್ಕ

ನಮ್ಮ ಕಡೆಯ ಮದುವೆಯೆಂದರೆ ಹಿಂದಿನ ಸಂಜೆ ಆರತಕ್ಷತೆ, ಮಾರನೆಯ ಬೆಳಗ್ಗೆ ಧಾರೆ. ಎರಡಕ್ಕೂ ಒಂದೇ ಮೇಕಪ್ ಹೊಂದುವುದಿಲ್ಲ. ರಾತ್ರಿಯದನ್ನು ಪೂರ್ತಿ ತೆಗೆದು ಮಲಗಬೇಕು. ಅದರ ಮೇಲೇ ಬೆಳಗ್ಗೆ ಹಚ್ಚಿದರೆ ಮುಹೂರ್ತಕ್ಕೆ ಮುಂಚೆಯೇ ಬಿರಿಯುತ್ತದೆ.

ಫೇಶಿಯಲ್, ಬ್ಲೀಚ್ ಮಾಡಿಸುವುದಿದ್ದರೆ ಮೂರ್ನಾಲ್ಕು ದಿನ ಮುಂಚೆಯೇ ಮುಗಿಸಿ. ಹುಬ್ಬು ತಿದ್ದಿಸುವುದನ್ನೂ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ, ಕೆಂಪೇರಿದ ಚರ್ಮದ ಮೇಲೆ ಏನೂ ಸರಿಯಾಗಿ ಕೂರುವುದಿಲ್ಲ.

ಅರಿಶಿನ ಹಚ್ಚುವ ಶಾಸ್ತ್ರದ ನಂತರದ ತಾಪತ್ರಯ ಬೇರೆ. ಅರಿಶಿನ ಬೆಳೆಯುವ ಸೀಮೆಯವರು ನಾವು, ಹಚ್ಚುವಾಗ ಕೈ ಹಿಡಿಯುವುದಿಲ್ಲ. ಅದರ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಸೋಪಿನಿಂದ ತಿಕ್ಕುವ ಬದಲು ಮೊದಲು ಎಣ್ಣೆ ಸವರಿ ಹತ್ತಿಯಲ್ಲಿ ಒರೆಸಿ, ಆಮೇಲೆ ಫೇಸ್‌ವಾಶ್ ಹಾಕಿ. ಆದರೂ ತುಸು ಹಳದಿ ಉಳಿದೇ ಉಳಿಯುತ್ತದೆ. ಫೌಂಡೇಶನ್ನಿನ ಬಣ್ಣ ಆರಿಸುವಾಗ ಮೇಕಪ್ ಮಾಡುವವರಿಗೆ ಇದನ್ನು ಮೊದಲೇ ಹೇಳಿಡಿ.

ಧಾರೆಯ ದಿನದ ವೇಳೆಯನ್ನು ಮುಹೂರ್ತದಿಂದ ಹಿಂದಕ್ಕೆ ಎಣಿಸಿ. ಮುಹೂರ್ತ ಬೆಳಗ್ಗೆ 10 ಗಂಟೆಗಿದ್ದರೆ ಹೀಗೆ:

6:00 – ಸ್ನಾನ ಮುಗಿದಿರಲಿ. ಹೊಟ್ಟೆಗೆ ಏನಾದರೂ ತಿನ್ನಿ, ನೀರು ಕುಡಿಯಿರಿ. ಉಪವಾಸದ ಪದ್ಧತಿ ಇರುವ ಮನೆಯಲ್ಲಿ ಹಾಲನ್ನಾದರೂ ಕುಡಿಯಿರಿ.

6:30 – ಮಾಯಿಶ್ಚರೈಸರ್ ಹಚ್ಚಿ ತಲೆ ಬಾಚಿಸಿಕೊಳ್ಳಿ. ಮೊಗ್ಗಿನ ಜಡೆಗೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಚರ್ಮ ಹದಕ್ಕೆ ಬಂದಿರುತ್ತದೆ.

7:30 – ಕಣ್ಣಿನ ಮೇಕಪ್ ಮೊದಲು, ಮುಖದ್ದು ಆಮೇಲೆ. ಉದುರಿದ ಪುಡಿಯನ್ನು ಒರೆಸಿಕೊಳ್ಳಬಹುದು.

8:45 – ಸೀರೆ, ಒಡವೆ. ತಲೆಯ ಮೇಲಿಂದ ಹಾಕಬೇಕಾದ ಬಟ್ಟೆ ಯಾವುದಿದ್ದರೂ ಮೇಕಪ್ಪಿಗೆ ಮುಂಚೆಯೇ ಹಾಕಿಕೊಂಡಿರಬೇಕು.

9:30 – ಬಾಸಿಂಗ ಕಟ್ಟುವ ಮೊದಲು ಹಣೆ ಮತ್ತು ಕಣತಲೆಗೆ ಪೌಡರ್ ಒತ್ತಿ, ಸ್ಪ್ರೇ ಹೊಡೆದು ಒಣಗಿಸಿ. ದಾರ ಉಜ್ಜುವ ಜಾಗ ಅದು. ಲಿಪ್‌ಸ್ಟಿಕ್ ಎಲ್ಲಕ್ಕಿಂತ ಕೊನೆಗೆ.

ಧಾರೆಯ ಹಾಲು-ನೀರು, ಜೀರಿಗೆ-ಬೆಲ್ಲ, ಅಕ್ಷತೆ, ಹೋಮದ ಹೊಗೆ ಇವೆಲ್ಲದರ ನಡುವೆ ಮುಖ ಒರೆಸಬೇಕಾದಾಗ ಸೆರಗಿನ ಜರಿ ತಾಗಿಸಬೇಡಿ. ಪಕ್ಕದಲ್ಲಿರುವ ಅಕ್ಕನ ಅಥವಾ ಅತ್ತಿಗೆಯ ಕೈಯಲ್ಲಿ ಟಿಶ್ಯೂ ಕೊಟ್ಟಿರಿ, ಒರೆಸದೆ ಒತ್ತಲು ಹೇಳಿ. ಹೆಣ್ಣೊಪ್ಪಿಸುವ ಹೊತ್ತಿನ ಕಣ್ಣೀರಿಗೂ ಇದೇ ಉಪಾಯ: ಟಿಶ್ಯೂವನ್ನು ಮೂಲೆ ಮಡಿಸಿ ಕಣ್ಣಿನ ಕೆಳಗೆ ಹಿಡಿದರೆ ಹನಿ ಕೆನ್ನೆಗಿಳಿಯುವ ಮೊದಲೇ ಹೀರಿಕೊಳ್ಳುತ್ತದೆ.

ಆರತಕ್ಷತೆಗೆ ಇನ್ನೊಂದು ಪರೀಕ್ಷೆ ಬೇಕು. ಸಿಲಿಕಾ ಹೆಚ್ಚಿರುವ ಪೌಡರ್, ಸತುವಿನ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕನ್ನಡಿಯಲ್ಲಿ ಚೆನ್ನಾಗಿ ಕಂಡರೂ ಫ್ಲ್ಯಾಷ್ ಬಿದ್ದಾಗ ಬೂದಿ ಬಳಿದಂತೆ ಕಾಣಬಹುದು. ಛತ್ರಕ್ಕೆ ಹೊರಡುವ ಮೊದಲು ಕತ್ತಲೆ ಕೋಣೆಯಲ್ಲಿ ಫೋನಿನ ಫ್ಲ್ಯಾಷ್ ಹಾಕಿ ಫೋಟೊ ತೆಗೆದು ನೋಡಿ. ಮದುಮಗನಿಗೂ ಒಂದು ಮಾತು: ಕ್ಷೌರ ಮಾಡಿಕೊಂಡ ಕೂಡಲೇ ಮೇಕಪ್ ಹಚ್ಚಿದರೆ ಉರಿಯುತ್ತದೆ, ನಡುವೆ ಒಂದೆರಡು ಗಂಟೆ ಬಿಡಿ.

ಬಸ್ಸು ಹಿಡಿಯುವವರಿಗೆ

2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಮಹಿಳೆಯರ ಓಡಾಟ ಹೆಚ್ಚಿದೆ, ಬಸ್ಸೂ ತುಂಬಿದೆ. ಸೆಕೆ, ನೂಕುನುಗ್ಗಲು, ಕಿಟಕಿಯಿಂದ ಬರುವ ದೂಳಿನ ನಡುವೆ ಪೂರ್ತಿ ಮೇಕಪ್ ಉಳಿಸಿಕೊಳ್ಳುವುದು ದಂಡ. ಮನೆಯಲ್ಲಿ ಸನ್‌ಸ್ಕ್ರೀನ್, ಕಲೆಯಿದ್ದ ಕಡೆ ಚೂರು ಕನ್ಸೀಲರ್, ಮೂಗಿಗೆ ಪೌಡರ್, ನೀರಿಗೆ ಅಳಿಯದ ಕಾಡಿಗೆ ಮಾತ್ರ ಸಾಕು. ಲಿಪ್‌ಸ್ಟಿಕ್, ಬ್ಲಶ್ ಎರಡನ್ನೂ ಇಳಿದ ಮೇಲೆ ಹಚ್ಚಿಕೊಳ್ಳಿ. ಕುಲುಕುವ ಬಸ್ಸಿನಲ್ಲಿ ಪೆನ್ಸಿಲ್ಲನ್ನು ಕಣ್ಣಿನ ಹತ್ತಿರ ತರಲೇಬೇಡಿ.

ದೂಳಿಗೆ ವೇಲ್ ಸುತ್ತಿಕೊಳ್ಳುವುದಾದರೆ ನುಣುಪಾದ ಹತ್ತಿಯದಿರಲಿ, ಗಂಟು ಸಡಿಲವಿರಲಿ. ಇಡೀ ದಿನ ಮಾಸ್ಕ್ ಹಾಕುವ ಕೆಲಸದವರು ಮೂಗು-ಬಾಯಿಯ ಸುತ್ತ ಫೌಂಡೇಶನ್ನೇ ಬಿಟ್ಟು, ಕಣ್ಣು-ಹುಬ್ಬು ಮಾತ್ರ ತಿದ್ದಿಕೊಂಡರೆ ಚೆಂದವೂ ಹೌದು, ಚರ್ಮಕ್ಕೂ ಸುಖ. ಆಹಾರ, ಔಷಧ ತಯಾರಿಸುವ ಘಟಕಗಳಲ್ಲಿ ಮೇಕಪ್ಪಿಗೆ ನಿರ್ಬಂಧ ಇರುವುದುಂಟು. ನಿಮ್ಮಲ್ಲಿ ಏನು ನಿಯಮವೆಂದು ಮೊದಲೇ ಕೇಳಿಕೊಳ್ಳಿ.

ಮಧ್ಯಾಹ್ನ ಮುಖ ಮಿರುಗತೊಡಗಿದಾಗ ಕೈ ಪೌಡರಿಗೇ ಹೋಗುತ್ತದೆ. ಜಿಡ್ಡಿನ ಮೇಲೆ ಪೌಡರ್ ಬಿದ್ದರೆ ಕೆಸರಾಗುತ್ತದೆ. ಮೊದಲು ಟಿಶ್ಯೂ ಅಥವಾ ಬ್ಲಾಟಿಂಗ್ ಪೇಪರ್ ಒತ್ತಿ ಜಿಡ್ಡು ತೆಗೆದು, ಆಮೇಲೆ ಬೇಕಿದ್ದರಷ್ಟೇ ಪೌಡರ್. ಬ್ಯಾಗಿನಲ್ಲಿ ಟಿಶ್ಯೂ, ಸಣ್ಣ ಕಾಂಪ್ಯಾಕ್ಟ್, ಲಿಪ್‌ಸ್ಟಿಕ್, ನಾಲ್ಕು ಇಯರ್ ಬಡ್ ಇದ್ದರೆ ಸಾಕು.

ಸೂರ್ಯಕಾಂತಿ ಹೊಲದಲ್ಲಿ

ಮುಂಗಾರಿನ ಸೂರ್ಯಕಾಂತಿ ಅರಳಿದಾಗ ಬೇಗೂರು, ಗುಂಡ್ಲುಪೇಟೆ ದಾರಿಯುದ್ದಕ್ಕೂ ಫೋಟೊ ತೆಗೆಸುವವರ ಸಾಲು. ಹೂವಿನ ಹಳದಿ ಮುಖದ ಮೇಲೂ ಪ್ರತಿಫಲಿಸುವುದರಿಂದ ಹಳದಿ ಛಾಯೆಯ ಫೌಂಡೇಶನ್ ಇನ್ನಷ್ಟು ಹಳದಿಯಾಗಿ ಕಾಣುತ್ತದೆ. ತುಟಿಗೂ ಕೆನ್ನೆಗೂ ಗುಲಾಬಿ ಅಥವಾ ಇಟ್ಟಿಗೆ ಬಣ್ಣ ಒಪ್ಪುತ್ತದೆ. ಬೆಳಗ್ಗೆ 9ರ ಒಳಗೆ ಅಥವಾ ಸಂಜೆ 4ರ ನಂತರ ಹೋದರೆ ಬೆಳಕೂ ಹದ, ಬೆವರೂ ಕಡಿಮೆ. ಜೇನುಹುಳು ಇರುವ ಜಾಗವಾದ್ದರಿಂದ ಘಾಟು ಸೆಂಟು ಬೇಡ. ಹೊಲದವರನ್ನು ಕೇಳಿ ಬದುವಿನ ಮೇಲೆ ನಿಲ್ಲಿ, ಗಿಡ ತುಳಿಯಬೇಡಿ. ಅಲ್ಲಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗುವ ಆಲೋಚನೆಯಿದ್ದರೆ, 1,454 ಮೀಟರ್ ಎತ್ತರದ ಆ ಮಂಜಿನಲ್ಲಿ ಪೌಡರ್ ತೇವ ಹೀರಿ ಮಚ್ಚೆಮಚ್ಚೆಯಾಗುವುದನ್ನು ನೆನಪಿಡಿ. ಅಲ್ಲಿಗೆ ಪೌಡರ್ ಕಮ್ಮಿ, ಸ್ಪ್ರೇ ಹೆಚ್ಚು.

ಕೊಳ್ಳುವಾಗ, ತೆಗೆಯುವಾಗ

ಜಾತ್ರೆ, ಸಂತೆಯಲ್ಲಿ ಹೆಸರಾಂತ ಬ್ರ್ಯಾಂಡಿನ ಲಿಪ್‌ಸ್ಟಿಕ್ ಕಾಲು ಬೆಲೆಗೆ ಸಿಕ್ಕರೆ ಅನುಮಾನಿಸಿ. ತಯಾರಕರ ಹೆಸರು-ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬಹುದಾದ ಅವಧಿ ಇವಿಷ್ಟೂ ಪೊಟ್ಟಣದ ಮೇಲೆ ಇರಬೇಕು. ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂಬ ಅಂಕಿ ಇದ್ದರೆ ಮುಚ್ಚಳ ತೆಗೆದ ದಿನದಿಂದ 12 ತಿಂಗಳೊಳಗೆ ಬಳಸಿ ಮುಗಿಸಬೇಕು ಎಂದರ್ಥ. ಮಸ್ಕಾರಾವನ್ನು ಮೂರು ತಿಂಗಳಿಗೆ ಬದಲಿಸಿ. ಕಾಡಿಗೆ, ಮಸ್ಕಾರಾಗಳನ್ನು ಅಕ್ಕ-ತಂಗಿಯರೂ ಹಂಚಿಕೊಳ್ಳಬಾರದು, ಕಣ್ಣುಬೇನೆ ಹರಡಲು ಅಷ್ಟೇ ಸಾಕು. ಹೊಸದೇನಿದ್ದರೂ ಮುಂಗೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.

ಬೆಳ್ಳಗಾಗುವ ಕ್ರೀಮನ್ನು ಮೇಕಪ್ಪಿನ ಕೆಳಗೆ ಹಚ್ಚುವ ರೂಢಿ ಅಪಾಯದ್ದು. ಅಂಥ ಕೆಲವು ಕ್ರೀಮುಗಳಲ್ಲಿ ಪಾದರಸ, ಇನ್ನು ಕೆಲವುಗಳಲ್ಲಿ ಸ್ಟೀರಾಯ್ಡ್ ಸಿಕ್ಕಿವೆ. ಬೇಗೂರಿನ ಇದೇ ಹೆದ್ದಾರಿ ಘಟ್ಟ ಇಳಿದು ಸೇರುವ ಮಲಬಾರಿನ ಕಡೆ, ಮಲಪ್ಪುರಂ ಜಿಲ್ಲೆಯಲ್ಲಿ, ಇಂಥ ಕ್ರೀಮಿನಿಂದ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು 2023ರಲ್ಲಿ ವೈದ್ಯರು ಗುರುತಿಸಿದರು. ಸ್ಟೀರಾಯ್ಡ್ ಹಚ್ಚಿ ಹಚ್ಚಿ ತೆಳುವಾದ ಚರ್ಮ ಕೆಂಪೇರಿ ಉರಿಯುತ್ತದೆ, ಅದರ ಮೇಲೆ ಎಷ್ಟು ಬೆಲೆಯ ಫೌಂಡೇಶನ್ನೂ ನಿಲ್ಲದು.

ಗಟ್ಟಿಯಾಗಿ ಕೂತದ್ದನ್ನು ತೆಗೆಯಲು ನೀರು ಸಾಲದು. ಕೊಬ್ಬರಿ ಎಣ್ಣೆಯನ್ನೋ ಕ್ಲೆನ್ಸರ್ರನ್ನೋ ಹತ್ತಿಗೆ ಹಾಕಿ ಕಣ್ಣಿನ ಮೇಲೆ ಅರ್ಧ ನಿಮಿಷ ಹಿಡಿದು, ಎಳೆಯದೆ ಒರೆಸಿ. ಆಮೇಲೆ ಫೇಸ್‌ವಾಶ್. ಮೊಡವೆ ಮುಖದವರು ಕೊಬ್ಬರಿ ಎಣ್ಣೆಯ ಜಿಡ್ಡನ್ನು ಉಳಿಸಿಕೊಳ್ಳಬಾರದು. ಸ್ಪಾಂಜು, ಪಫ್ಫನ್ನು ವಾರಕ್ಕೊಮ್ಮೆಯಾದರೂ ಸೋಪಿನಲ್ಲಿ ತೊಳೆದು ಗಾಳಿಗೆ ಒಣಗಿಸಿ.

ಇಷ್ಟೆಲ್ಲ ಓದಿದ ಮೇಲೆ ಅಂಗಡಿಗೆ ಓಡಬೇಕಿಲ್ಲ. ಮನೆಯಲ್ಲಿರುವ ಡಬ್ಬಿಗಳಿಂದಲೇ ರಜೆಯ ದಿನ ಒಂದು ಪರೀಕ್ಷೆ ಮಾಡಿ. ಎಡಗೆನ್ನೆಗೆ ನಿಮ್ಮ ಎಂದಿನ ರೀತಿಯಲ್ಲಿ ಹಚ್ಚಿ. ಬಲಗೆನ್ನೆಗೆ ಅದರ ಅರ್ಧದಷ್ಟೇ ತೆಗೆದುಕೊಂಡು, ಪ್ರತಿ ಪದರಕ್ಕೂ ಐದು ನಿಮಿಷ ಕಾದು, ತಟ್ಟಿ ಕೂರಿಸಿ. ಅಡುಗೆ, ಮನೆಕೆಲಸ ಎಲ್ಲ ಮುಗಿಸಿ ಮಧ್ಯಾಹ್ನ ಮೂರಕ್ಕೆ ಕಿಟಕಿ ಬೆಳಕಿನಲ್ಲಿ ಎರಡೂ ಕೆನ್ನೆ ನೋಡಿಕೊಳ್ಳಿ. ಬಲಗಡೆಯದು ಹೆಚ್ಚು ಉಳಿದಿದ್ದರೆ ನಿಮಗೆ ಬೇಕಿದ್ದದ್ದು ಕಾಯುವ ಹತ್ತು ನಿಮಿಷ. ಎರಡೂ ಒಂದೇ ಸಮ ಇಳಿದಿದ್ದರೆ ಮಾತ್ರ ಫೌಂಡೇಶನ್ ಬದಲಿಸುವ ಮಾತು.